ಮಷೀನ್ ತರೋ ಮುಂಚೆ ಯಾರನ್ನ ಕೇಳಿದ್ರು?

"ಹೊಸ ಮಷೀನ್ ತರೋ ಮುಂಚೆ, ಅದರ ಮುಂದೆ ನಿಲ್ಲೋರನ್ನ ಯಾರಾದ್ರೂ ಕೇಳ್ತಾರಾ?"

ಹೋದ ವಾರ ಕಸದ ಡಬ್ಬಿ ಹೊರಗೆ ತಳ್ಳುತ್ತಿದ್ದಾಗ ಪಕ್ಕದ ಮನೆಯ ಅಜ್ಜ ಹೀಗೆ ಕೇಳಿದರು. ಅವರು ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಕೆಲಸದ ಜಾಗಕ್ಕೆ ಹೊಸ ತಂತ್ರಜ್ಞಾನ ಬಂದಾಗ ಜನ ಅದರ ಜೊತೆ ಹೇಗೆ ಏಗುತ್ತಾರೆ ಅನ್ನೋದನ್ನು ನಾನಿಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಓದುತ್ತಿದ್ದೇನೆ ಅಂತ ಅವರಿಗೆ ಗೊತ್ತು.

ನಮ್ಮ ಓದಿನ ಬುಡದಲ್ಲೂ ಗಣಿಯೇ ಇದೆ. 1951ರಲ್ಲಿ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫೋರ್ತ್ ಅನ್ನೋ ಸಂಶೋಧಕರು ಇಲ್ಲಿನ ಕಲ್ಲಿದ್ದಲು ಗಣಿಗಳ ಬಗ್ಗೆ ಒಂದು ಲೇಖನ ಬರೆದರು. ಬ್ಯಾಮ್‌ಫೋರ್ತ್ ಸ್ವತಃ ಗಣಿಯಲ್ಲಿ ಕೆಲಸ ಮಾಡಿದವರು. ಮೊದಲು ಗಣಿಯವರು ತಮಗೆ ಬೇಕಾದ ಜೊತೆಗಾರರನ್ನು ಆರಿಸಿಕೊಂಡು ಇಡೀ ಕೆಲಸ ತಾವೇ ಮಾಡುತ್ತಿದ್ದರು. ಯಂತ್ರ ಬಂದ ಮೇಲೆ ಕೆಲಸ ಮೂರು ಶಿಫ್ಟಿಗೆ ಹಂಚಿಹೋಯಿತು. ಒಂದು ಶಿಫ್ಟ್ ಕಡಿಯಬೇಕು, ಇನ್ನೊಂದು ಕಲ್ಲಿದ್ದಲು ಸಾಗಿಸೋ ಕನ್ವೇಯರ್ ಸರಿಸಬೇಕು, ಮತ್ತೊಂದು ತುಂಬಬೇಕು. ಹಿಂದಿನವರು ಬಿಟ್ಟುಹೋದ ತೊಂದರೆ ಮುಂದಿನವರ ತಲೆಗೆ. ಜನ ಗೈರಾಗತೊಡಗಿದರು. ಯಂತ್ರ ಒಳ್ಳೆಯದೇ ಇತ್ತು, ಜೊತೆಗಾರಿಕೆ ಮುರಿದಿತ್ತು.

ಇದಕ್ಕೆ ಉತ್ತರ ನಮ್ಮ ದೇಶದಲ್ಲೇ ಸಿಕ್ಕಿತ್ತು ಅನ್ನೋದು ನನಗೆ ಹೆಮ್ಮೆ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಅನ್ನೋ ಸಂಶೋಧನಾ ಸಂಸ್ಥೆಯ ಎ. ಕೆ. ರೈಸ್ ಅಹಮದಾಬಾದಿನ ಕ್ಯಾಲಿಕೊ ಬಟ್ಟೆ ಮಿಲ್ಲಿಗೆ ಬಂದರು. ಅಲ್ಲಿ ಸ್ವಯಂಚಾಲಿತ ಮಗ್ಗಗಳು ಬಂದಿದ್ದರೂ ಎಣಿಸಿದಷ್ಟು ಲಾಭ ಕಂಡಿರಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಚೂರು ಕೆಲಸ ಇತ್ತು. ಒಂದಿಷ್ಟು ಮಗ್ಗಗಳನ್ನು ಒಂದೇ ಗುಂಪು ಪೂರ್ತಿ ನೋಡಿಕೊಳ್ಳಲಿ ಅನ್ನೋ ಯೋಚನೆ ಕಿವಿಗೆ ಬಿದ್ದದ್ದೇ ತಡ, ಕಾರ್ಮಿಕರು ತಾವೇ ಗುಂಪು ಕಟ್ಟಿಕೊಂಡರು. ಬಟ್ಟೆ ಜಾಸ್ತಿ ಬಂತು, ಹಾಳಾಗೋದು ಕಡಿಮೆಯಾಯಿತು.

ಅಜ್ಜನ ಮಾತು ಕೇಳಿ ನನಗೆ ನೆನಪಾದದ್ದು ಅಮ್ಮ. ಮೈಸೂರು ರಸ್ತೆ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಶರ್ಟಿಗೆ ಕಾಲರ್ ಕೂರಿಸುತ್ತಾಳೆ. ಈಗ ಅವರ ಲೈನಿಗೆ ಸ್ಕ್ರೀನ್ ಬಂದಿದೆ. ಗಂಟೆಗೆ ಎಷ್ಟು ಪೀಸ್ ಅಂತ ತೋರಿಸುತ್ತದೆ, ಟಾರ್ಗೆಟ್ ತಪ್ಪಿದರೆ ಕೆಂಪಾಗುತ್ತದೆ. ಹಿಂದಿನ ಮಷೀನಿನಿಂದ ಬಂಡಲ್ ಬರಲಿಲ್ಲವಾ, ಸೂಜಿ ಮುರಿದು ಮೆಕ್ಯಾನಿಕ್‌ಗೆ ಕಾಯಬೇಕಾಯಿತಾ, ಅದೆಲ್ಲ ಅದರ ಲೆಕ್ಕಕ್ಕಿಲ್ಲ. ಕೆಂಪು ನೋಡಿ ಸೂಪರ್‌ವೈಸರ್ ಕೂಗಾಡುತ್ತಾರೆ. ಅಮ್ಮ ನೀರು ಕುಡಿಯೋದನ್ನೇ ಕಡಿಮೆ ಮಾಡಿದ್ದಾಳೆ. ನೀರು ಕುಡಿದರೆ ಏಳಬೇಕಲ್ವಾ?

ಪ್ರಪಂಚದ ಆಫೀಸುಗಳಿಗೆಲ್ಲ ಸಾಫ್ಟ್‌ವೇರ್ ಬರೆದುಕೊಡುವ ಊರು ನಮ್ಮ ಬೆಂಗಳೂರು. ಆ್ಯಪ್‌ನಲ್ಲಿ ಒಂದು ಬಟನ್ ಎಲ್ಲಿರಬೇಕು ಅಂತ ಬಳಸೋರನ್ನು ಕೂರಿಸಿಕೊಂಡು ಕೇಳುವ ಜಾಣರು ಇಲ್ಲಿದ್ದಾರೆ. ಅದೇ ಊರಿನ ಟೈಲರನ್ನು ಒಂದು ಮಾತು ಕೇಳಲಿಲ್ಲವಲ್ಲ ಅನ್ನೋದು ನನಗೆ ತುಂಬಾ ಚುಚ್ಚಿತು.

ರಾತ್ರಿ ಫೋನ್ ಮಾಡಿ ಅಮ್ಮನನ್ನೇ ಕೇಳಿದೆ. "ನಿನ್ನ ಕೇಳಿದ್ದಿದ್ರೆ ಏನು ಹೇಳ್ತಿದ್ದೆ?"

ಯೋಚನೆಯನ್ನೂ ಮಾಡಲಿಲ್ಲ. "ಲೆಕ್ಕ ಇಡ್ಲಿ ಕಣೇ, ಬೇಡ ಅನ್ನಲ್ಲ. ಸುಮ್ನೆ ಕಾಯ್ತಾ ಕೂತಾಗ ನಾವು ಒತ್ತೋಕೆ ಒಂದು ಬಟನ್ ಕೊಡ್ಲಿ. ಬಂಡಲ್ ಬಂದಿಲ್ಲ ಅಂತ ಅದ್ರಲ್ಲೂ ಕಾಣ್ಲಿ. ಆಮೇಲೆ ಯಾರನ್ನ ಬೈಬೇಕೋ ಬೈಲಿ."

ರಜೆಗೆ ಬಂದಾಗ ಅಮ್ಮನ ಲೈನಿನವರನ್ನೆಲ್ಲ ಮನೆಗೆ ಕರೆದು ಮಾತಾಡಿಸಬೇಕು ಅಂತಿದ್ದೇನೆ. ಭಾನುವಾರವೇ ಆಗಬೇಕು, ಉಳಿದ ದಿನ ಅವರಿಗೆ ಬಿಡುವಿಲ್ಲ.