ಮಂಡಕ್ಕಿ ಭಟ್ಟಿಯಲ್ಲಿ ಕಿರುಚಿತ್ರ: ಬೆಂಕಿ ಬೆಳಕು, ಸಿಂಕ್ ಸೌಂಡ್, ಬಾಕಿ ಕೆಲಸ

ಚಿತ್ರ 12 ನಿಮಿಷದ್ದು. ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿ. ಹುರಿಯುವ ಅಪ್ಪ, ಜರಡಿ ಹಿಡಿಯುವ ಅಮ್ಮ, ಶಾಲೆ ಬಿಟ್ಟ ಮೇಲೆ ಬುತ್ತಿ ತರುವ 12 ವರ್ಷದ ಮಗ. ಸಿನಿಮಾ ವಿದ್ಯಾರ್ಥಿಗಳದೇ ಯೂನಿಟ್. ಮಾತೆಲ್ಲ ಸಿಂಕ್ ಸೌಂಡ್, ಅಂದರೆ ಚಿತ್ರ ತೆಗೆಯುವಾಗಲೇ ಹಿಡಿದ ಧ್ವನಿ. ಬೆಂಕಿ ಇರುವ ಶಾಟ್‌ಗಳೆಲ್ಲ ಕೈಸೇರಿವೆ, ಅಪ್ಪ ಅಮ್ಮನ ಮಾತಿನ ದೃಶ್ಯಗಳೂ ಆಗಿವೆ. ಹುಡುಗನ ಭಾಗ, ಕೊನೆಯ ಹೊರಾಂಗಣ ಬಾಕಿ. ಎಡಿಟ್ ಟೇಬಲ್ ಮೇಲೆ ರಫ್ ಕಟ್ (ಮೊದಲ ಒರಟು ಜೋಡಣೆ) ಇದೆ.

ಮೊದಲು ಅವಧಿಯ ಲೆಕ್ಕ. ಚಿತ್ರಕಥೆಯ ಒಂದು ಪುಟಕ್ಕೆ ಒಂದು ನಿಮಿಷ ಎಂದು ಪಾಠದಲ್ಲಿ ಹೇಳಿಕೊಡುತ್ತಾರೆ. ಅದು ಇಂಗ್ಲಿಷಿನ ಒಂದು ನಿರ್ದಿಷ್ಟ ಫಾಂಟ್, ನಿರ್ದಿಷ್ಟ ಅಂಚು ಇಟ್ಟುಕೊಂಡು ಹುಟ್ಟಿದ ಲೆಕ್ಕ. ಕನ್ನಡದಲ್ಲಿ ಒತ್ತಕ್ಷರ ಇರುವುದರಿಂದ ಸಾಲಿನ ಅಂತರ ಹೆಚ್ಚು ಬೇಕು, ಪದಗಳೂ ಉದ್ದ, ಆ ಅಂದಾಜು ಕೂರುವುದಿಲ್ಲ. ಸ್ಟಾಪ್‌ವಾಚ್ ಹಿಡಿದು ಪ್ರತಿ ದೃಶ್ಯವನ್ನೂ ಗಟ್ಟಿಯಾಗಿ ಓದಿ, ಮಾತಿಲ್ಲದ ಕೆಲಸಗಳನ್ನು ಮಾಡಿ ತೋರಿಸಿ ಅಳೆಯುವುದೇ ಸರಿ. ಜರಡಿ ಹಿಡಿಯುವುದಕ್ಕೆ ಹಾಳೆಯಲ್ಲಿ ಒಂದೇ ಸಾಲು, ಪರದೆ ಮೇಲೆ 40 ಸೆಕೆಂಡು.

ಉರಿ ಇದ್ದಾಗ ಚಿತ್ರ, ಉರಿ ಆರಿದ ಮೇಲೆ ಮಾತು

ಇಡೀ ಶೆಡ್ಯೂಲ್ ನಿಂತಿರುವುದು ಈ ಒಂದು ತೀರ್ಮಾನದ ಮೇಲೆ. ಭಟ್ಟಿ ಉರಿಯುವಾಗ ಬ್ಲೋವರ್ ಮೋಟಾರಿನ ಗುಂಯ್‌ಗುಟ್ಟುವಿಕೆ, ಮರಳಿನಲ್ಲಿ ಅಕ್ಕಿ ಅರಳುವ ಚಟಪಟ, ಬಾಣಲೆಗೆ ಸೌಟು ಉಜ್ಜುವ ಸದ್ದು ಒಟ್ಟಿಗೇ ಇರುತ್ತವೆ. ಬೂಮ್ ಮೈಕನ್ನು ಬಾಯಿಂದ ಒಂದೂವರೆ ಅಡಿಗೆ ತಂದರೂ ಮಾತು ಬಿಡಿಸಿಕೊಳ್ಳುವುದಿಲ್ಲ. ಮೈಕ್ ದೂರ ಎರಡು ಪಟ್ಟಾದಾಗಲೆಲ್ಲ ಮಾತಿನ ಮಟ್ಟ 6 ಡೆಸಿಬಲ್ ಇಳಿಯುತ್ತದೆ, ಸುತ್ತಲಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಆಮೇಲೆ ನಾಯ್ಸ್ ರಿಡಕ್ಷನ್ ಹಾಕಿದರೆ ಧ್ವನಿ ನೀರೊಳಗಿಂದ ಬಂದಂತೆ ಆಗುತ್ತದೆ.

ಹಾಗಾಗಿ ಉರಿ ಇರುವಾಗ ಕೈ, ಮುಖ, ಮರಳು, ಹೊಗೆ ಇಷ್ಟನ್ನೇ ತೆಗೆಯುವುದು. ಕ್ಯಾಮೆರಾದಲ್ಲಿ ಪೈಲಟ್ ಟ್ರ್ಯಾಕ್ (ಗುರುತಿಗಷ್ಟೇ ಹಿಡಿದ ಧ್ವನಿ) ಇದ್ದರೆ ಸಾಕು. ಮಾತಿನ ದೃಶ್ಯಗಳನ್ನು ಅದೇ ಜಾಗದಲ್ಲಿ ಒಲೆ ಆರಿದ ಮೇಲೆ, ನಕಲಿ ಬೆಂಕಿ ಬೆಳಕಿನಲ್ಲಿ ತೆಗೆಯುವುದು. ಡಬ್ಬಿಂಗ್ ಮಾಡಬಹುದಿತ್ತು. ಆದರೆ ನಟರಲ್ಲದವರು ಸ್ಟುಡಿಯೋದ ಗಾಜಿನ ಹಿಂದೆ ನಿಂತರೆ ದಾವಣಗೆರೆ ಮಾತು ಹೋಗಿ ಪುಸ್ತಕದ ಮಾತು ಬರುತ್ತದೆ.

ಉರಿಯ ಶಾಟ್‌ಗಳಲ್ಲಿ 'ಇನ್ನೊಂದು ಟೇಕ್' ಎನ್ನುವುದು ನಿರ್ದೇಶಕರ ಕೈಯಲ್ಲಿಲ್ಲ. ಮರಳು ಕಾದ ಮೇಲೆ ಅಕ್ಕಿ ಕೆಲವೇ ಸೆಕೆಂಡಿನಲ್ಲಿ ಅರಳುತ್ತದೆ, ಜರಡಿಗೆ ಬೀಳುತ್ತದೆ, ಮುಂದಿನ ಕಂತು ಬರುತ್ತದೆ. ಹುರಿಯುವವರನ್ನು ತಡೆದರೆ ಮರಳು ಅತಿಯಾಗಿ ಕಾದು ಮಂಡಕ್ಕಿ ಕಪ್ಪಾಗುತ್ತದೆ, ನಷ್ಟ ಮಾಲೀಕರದು. ಅದರ ಬದಲು ಅವರ ಲಯ ಹಿಡಿಯಬೇಕು: ಒಂದು ಕಂತಿಗೆ ವೈಡ್, ಮುಂದಿನದಕ್ಕೆ ಕೈಯ ಕ್ಲೋಸ್, ಅದರ ಮುಂದಿನದಕ್ಕೆ ಜರಡಿ. ಕೆಲಸ ಒಂದೇ ರೀತಿ ಮರುಕಳಿಸುವುದರಿಂದ ಕಂಟಿನ್ಯುಟಿ ತಾನಾಗಿ ಕೂಡುತ್ತದೆ. ಹುರಿಯುವವರು ಯಾವ ಕೈಯಲ್ಲಿ ಸೌಟು ಹಿಡಿದಿದ್ದರು, ಹೆಗಲ ಮೇಲೆ ಟವೆಲ್ ಎಡಕ್ಕೋ ಬಲಕ್ಕೋ ಎಂಬುದನ್ನು ಮಾತ್ರ ಒಬ್ಬರು ಬರೆದಿಡಬೇಕು.

ಬೆಂಕಿ ಹೊಂದಿಸುವುದು

ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನು ಬಿಳಿ ಎಂದು ಎಣಿಸಬೇಕು ಎಂಬ ಸೆಟ್ಟಿಂಗ್) ಆಟೋದಲ್ಲಿ ಇಟ್ಟರೆ ಬೆಂಕಿಯ ಕೆಂಪನ್ನು ಕ್ಯಾಮೆರಾ ತಾನೇ 'ಸರಿ' ಮಾಡಿ ಬಿಳುಪು ಮಾಡಿಬಿಡುತ್ತದೆ. ಒಲೆಯ ಜ್ವಾಲೆ ಸುಮಾರು 2000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಕೆಂಪು), ಟ್ಯೂಬ್‌ಲೈಟ್ 6500ರ ಹತ್ತಿರ. ನಿಜವಾದ ಬೆಂಕಿಗೂ ನಕಲಿಗೂ ವೈಟ್ ಬ್ಯಾಲೆನ್ಸ್ 3200ಕ್ಕೆ ಬೀಗ ಹಾಕಿದ್ದಾಯಿತು. ಜ್ವಾಲೆ ಕಿತ್ತಳೆಯಾಗೇ ಉಳಿಯುತ್ತದೆ, ಬಾಗಿಲಿನಿಂದ ಬರುವ ಬೆಳಕು ನೀಲಿಯಾಗುತ್ತದೆ, ಅದು ಬೇಕಾದದ್ದೇ. ಒಳಗಿನ ಟ್ಯೂಬ್‌ಗಳನ್ನು ಆರಿಸಬೇಕು, ಇಲ್ಲದಿದ್ದರೆ ಮುಖದ ಒಂದು ಬದಿ ಹಸಿರು ಹೊಡೆಯುತ್ತದೆ.

ಎಕ್ಸ್‌ಪೋಷರ್ ಮುಖಕ್ಕಲ್ಲ, ಜ್ವಾಲೆಗೆ. ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 800, ಶಟರ್ 1/50, ಅಪರ್ಚರ್ ಎಫ್ 5.6 ಇಂದ ಶುರು ಮಾಡಿ, ಜೀಬ್ರಾ (ಅತಿ ಬೆಳಕಿನ ಜಾಗಕ್ಕೆ ಪರದೆಯಲ್ಲಿ ಗೆರೆ ಹಾಕುವ ಸೌಲಭ್ಯ) 95ರಲ್ಲಿ ಜ್ವಾಲೆಯ ನಡುಭಾಗ ಮಾತ್ರ ಗೆರೆ ತೋರಿಸುವವರೆಗೆ ಅಪರ್ಚರ್ ಮುಚ್ಚುತ್ತ ಹೋಗುವುದು. ಅಂಚಿನಲ್ಲಿ ಬಣ್ಣ ಇರಬೇಕು. ಮುಖ ಕತ್ತಲಾದರೆ ಒಂದು ಎಲ್‌ಇಡಿಯನ್ನು ಥರ್ಮಾಕೋಲ್ ಹಲಗೆಗೆ ತಿರುಗಿಸಿ 10 ಶೇಕಡಾ ಬೌನ್ಸ್.

ನಕಲಿ ಬೆಂಕಿಗೆ ಎರಡು 60 ವ್ಯಾಟ್ ಬೈಕಲರ್ (ಬೆಳಕಿನ ಬಣ್ಣ ಬದಲಿಸಬಹುದಾದ) ಎಲ್‌ಇಡಿ. ದೀಪವನ್ನು 3200ಕ್ಕೆ ಇಟ್ಟು ಪೂರ್ಣ ಸಿಟಿಒ ಜೆಲ್ (ಬೆಳಕನ್ನು ಕಿತ್ತಳೆ ಮಾಡುವ ಹಾಳೆ) ಹಾಕಿದರೆ ಹೆಚ್ಚುಕಡಿಮೆ 2100 ಕೆಲ್ವಿನ್ ಸಿಗುತ್ತದೆ. ಹತ್ತಿರ ಹತ್ತಿರ ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಬೆಳಕು ಹೋಗುತ್ತದೆ. ದೀಪ ಒಲೆಯ ಬಾಯಿ ಇರುವಷ್ಟೇ ಎತ್ತರದಲ್ಲಿ, ನೆಲದಿಂದ ಒಂದೂವರೆ ಅಡಿಯಲ್ಲಿ ಇರಬೇಕು. ಸ್ಟ್ಯಾಂಡ್ ಮೇಲೆ ಏರಿಸಿದರೆ ಮೂಗಿನ ನೆರಳು ಕೆಳಗೆ ಬೀಳುತ್ತದೆ, ನಿಜವಾದ ಬೆಂಕಿಯ ಶಾಟ್‌ನಲ್ಲಿ ಅದು ಮೇಲಕ್ಕಿದೆ, ಎರಡನ್ನೂ ಕತ್ತರಿಸಿ ಸೇರಿಸಿದ ಕೂಡಲೇ ಗೊತ್ತಾಗುತ್ತದೆ.

ದೀಪದಲ್ಲೇ ಬರುವ 'ಫೈರ್' ಎಫೆಕ್ಟ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದರ ಮಿಡಿತ ಬಹಳ ವೇಗ, ಮತ್ತೆ ಮತ್ತೆ ಅದೇ. ಈ ಒಲೆಗೆ ಹಾಕುವುದು ಹೊಟ್ಟು; ಹೊಟ್ಟಿನ ಉರಿ ಕಟ್ಟಿಗೆಯ ಉರಿಯಂತೆ ಸಿಡಿಯುವುದಿಲ್ಲ, ನಿಧಾನಕ್ಕೆ ಉಸಿರಾಡುತ್ತದೆ. ಒಂದು ದೀಪ 40 ಶೇಕಡಾದಲ್ಲಿ ಸ್ಥಿರ; ಇನ್ನೊಂದನ್ನು 15 ಮತ್ತು 25ರ ನಡುವೆ ಒಬ್ಬರು ಕೈಯಲ್ಲೇ ಏರಿಸಿ ಇಳಿಸುವುದು. ಅದರ ಮುಂದೆ ಬಟ್ಟೆ ಚೂರು ಕಟ್ಟಿದ ಬಿದಿರು ಕಡ್ಡಿಯನ್ನು ಮೆಲ್ಲಗೆ ಆಡಿಸಿದರೆ ಗೋಡೆಯ ನೆರಳೂ ಅಲುಗುತ್ತದೆ. ಬೆಳಕು ಹೆಚ್ಚುಕಡಿಮೆಯಾಗಿ ನೆರಳು ಅಲ್ಲೇ ನಿಂತಿದ್ದರೆ ಕಣ್ಣು ನಂಬುವುದಿಲ್ಲ.

ಬ್ಯಾಟರಿ ಲೆಕ್ಕ: 7.2 ವೋಲ್ಟ್, 6600 ಎಂಎಎಚ್ ಬ್ಯಾಟರಿ ಒಂದಕ್ಕೆ ಸುಮಾರು 47 ವ್ಯಾಟ್ ಅವರ್. ಎರಡು ಹಾಕಿದರೆ 60 ವ್ಯಾಟ್ ದೀಪ ಪೂರ್ತಿ ಉರಿದಾಗ ಕಾಗದದ ಮೇಲೆ ಒಂದೂವರೆ ಗಂಟೆ, ಕೈಯಲ್ಲಿ ಅದಕ್ಕಿಂತ ಕಡಿಮೆ. ಕರೆಂಟ್ ವೈರ್ ಎಳೆಯುವುದಾದರೆ ಒಲೆಯ ಪಕ್ಕ ಬೇಡವೇ ಬೇಡ. ಸಾಮಾನ್ಯ ಪಿವಿಸಿ ವೈರಿನ ತಾಳಿಕೆ 70 ಡಿಗ್ರಿ ಸೆಲ್ಸಿಯಸ್ ಮಾತ್ರ.

ಫ್ಲಿಕರ್

ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಸೆಕೆಂಡಿಗೆ 25 ಫ್ರೇಮ್, 1/50 ಶಟರ್ ಇಟ್ಟರೆ ಪ್ರತಿ ಫ್ರೇಮಿಗೂ ಎರಡು ಪೂರ್ತಿ ಮಿಡಿತ ಸಿಕ್ಕಿ ಪಟ್ಟೆ ಕಾಣುವುದಿಲ್ಲ. 24 ಫ್ರೇಮೇ ಬೇಕು ಎನ್ನುವವರು ಶಟರ್ ಕೋನ 172.8 ಡಿಗ್ರಿ (ಅದೂ 1/50ಕ್ಕೇ ಸಮ) ಇಡಲಿ. ಮಂಡಕ್ಕಿ ಅರಳುವ ಸ್ಲೋಮೋಷನ್‌ಗೆ 50 ಫ್ರೇಮ್, 1/100. ಮೊಬೈಲಿನಲ್ಲಿ ತೆಗೆದ 30 ಫ್ರೇಮ್ ಶಾಟ್‌ಗಳನ್ನು ನಡುವೆ ಸೇರಿಸಿದರೆ ಚಲನೆ ಕುಪ್ಪಳಿಸುತ್ತದೆ, ಬೇಡ.

ತಗಡಿನ ಕೆಳಗೆ ಮಾತು

ಒಲೆ ಆರಿದರೂ ಸೌಂಡ್ ತೊಂದರೆ ಮುಗಿಯುವುದಿಲ್ಲ. ಭಟ್ಟಿಯ ಮೇಲ್ಛಾವಣಿ ತಗಡು. ಬಿಸಿಲಿಗೆ ಹಿಗ್ಗಿದ ತಗಡು ಸಂಜೆ ತಣಿಯುವಾಗ ಮೊಳೆಗಳ ಹತ್ತಿರ ಟಕ್ ಟಕ್ ಎನ್ನುತ್ತದೆ, ಅದೂ ಸರಿಯಾಗಿ ಮಾತಿನ ನಡುವೆ. ಹೊತ್ತು ಮುಳುಗಿ ಒಂದು ಗಂಟೆಯಾದರೂ ಬಿಟ್ಟು ರೋಲ್ ಮಾಡಬೇಕು. ಆ ಹೊತ್ತಿಗೆ ಲೈಟಿಂಗ್ ಮುಗಿಸಿಕೊಂಡರೆ ಸಮಯ ಹಾಳಾಗುವುದಿಲ್ಲ.

ಪ್ರತಿಧ್ವನಿಗೆ ಕಂಬಳಿ. ಚಳ್ಳಕೆರೆ ಕಡೆಯ ಒರಟು ಕುರಿ ಉಣ್ಣೆಯ ಕಂಬಳಿ ಇದಕ್ಕೆ ಬಹಳ ಒಳ್ಳೆಯದು. ಪಾಲಿಯೆಸ್ಟರ್ ಹೊದಿಕೆ ಅದರ ಹತ್ತಿರಕ್ಕೂ ಬರುವುದಿಲ್ಲ. ಮಾತಾಡುವವರ ಎದುರಿನ ಗೋಡೆಗೆ ಎರಡು, ಪಕ್ಕಕ್ಕೊಂದು, ತಲೆಯ ಮೇಲೆ ಫ್ರೇಮಿನ ಹೊರಗೆ ಒಂದು. ಗೋಡೆಗೆ ಅಂಟಿಸದೆ ನಾಲ್ಕು ಇಂಚು ಮುಂದೆ ಹಗ್ಗಕ್ಕೆ ನೇತು ಹಾಕಬೇಕು. ಹಿಂದೆ ಗಾಳಿ ಇದ್ದರೆ ಕೆಳಗಿನ ಸ್ವರಗಳನ್ನೂ ಹೀರುತ್ತದೆ. ಶಾಟ್‌ಗನ್ ಮೈಕ್ (ಎದುರಿನ ಸದ್ದನ್ನೇ ಹಿಡಿಯುವ ಉದ್ದ ಮೈಕ್) ಹೊರಾಂಗಣದಲ್ಲಿ ರಾಜ, ತಗಡಿನ ಕೆಳಗೆ ಪಕ್ಕದಿಂದ ಬರುವ ಪ್ರತಿಫಲನದಿಂದ ಧ್ವನಿ ಟೊಳ್ಳಾಗುತ್ತದೆ. ಒಳಾಂಗಣಕ್ಕೆ ಹೊಂದುವ ಗಿಡ್ಡ ಮೈಕ್, ಹೈಪರ್‌ಕಾರ್ಡಿಯಾಯ್ಡ್, ಬಾಡಿಗೆಗೆ ಸಿಕ್ಕರೆ ಅದೇ ಇರಲಿ.

ಲೇಪಲ್ ಮೈಕ್ (ಮೈಗೆ ಅಂಟಿಸುವ ಪುಟ್ಟ ಮೈಕ್) ಗದ್ದದಿಂದ ಒಂದು ಗೇಣು ಕೆಳಗೆ. ಬೆವರಿಗೆ ಟೇಪು ಬಿಡುತ್ತದೆ, ಸ್ಪಿರಿಟ್ ಹತ್ತಿಯಿಂದ ಚರ್ಮ ಒರೆಸಿ ಅಂಟಿಸಬೇಕು. ಅಮ್ಮನ ಪಾತ್ರದವರ ದೊಡ್ಡ ಸಮಸ್ಯೆ ಗಾಜಿನ ಬಳೆ. ಜರಡಿ ಆಡಿಸುತ್ತ ಮಾತಾಡಿದರೆ ಪ್ರತಿ ಅಕ್ಷರದ ಮೇಲೂ ಬಳೆ ಸದ್ದು. 'ಅಕ್ಕಾ, ಬಳೆ ತೆಗೀರಿ' ಎಂದು ಕೇಳುವ ಮಾತೇ ಇಲ್ಲ, ಮುತ್ತೈದೆಯರು ತೆಗೆಯುವುದಿಲ್ಲ, ಕೇಳುವುದೂ ತಪ್ಪು. ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಎರಡು ಕಡೆ ಪಾರದರ್ಶಕ ಟೇಪ್ ಸುತ್ತಿ ಒಂದೇ ಕಟ್ಟು ಮಾಡಿದರೆ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಬಳೆಯ ಸದ್ದನ್ನು ಬೇರೆ ರೆಕಾರ್ಡ್ ಮಾಡಿ, ಬೇಕಾದ ಕಡೆ ಹಾಕಿಕೊಂಡರಾಯಿತು.

ರೆಕಾರ್ಡಿಂಗ್ 48 ಕಿಲೋಹರ್ಟ್ಜ್, 24 ಬಿಟ್. ಮಾತಿನ ಏರು ಮೈನಸ್ 12 ಡೆಸಿಬಲ್ ದಾಟಬಾರದು. ಪ್ರತಿ ಸೆಟಪ್ ಮುಗಿದ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಒಂದು ನಿಮಿಷ ರೂಮ್ ಟೋನ್ (ಆ ಜಾಗದ ಮೌನದ ಸದ್ದು). ಉರಿಯ ಹೊತ್ತಿನ ವೈಲ್ಡ್ ಟ್ರ್ಯಾಕ್‌ಗಳು (ಚಿತ್ರವಿಲ್ಲದೆ ಹಿಡಿದ ಬರೀ ಸದ್ದು) ಬೇರೆ: ಮರಳು ಕಲಕುವುದು, ಅಕ್ಕಿ ಅರಳುವುದು, ಜರಡಿ, ಮೂಟೆ ತುಂಬುವುದು, ಬ್ಲೋವರ್ ಹಾಕಿದ್ದು ಮತ್ತು ಆರಿಸಿದ್ದು, ಒಂದೊಂದೂ ಎರಡು ನಿಮಿಷ. ಇವನ್ನು ಮಾತಿನ ಕೆಳಗೆ ಹಾಸಿದಾಗಲೇ ಆರಿದ ಒಲೆ ಪರದೆ ಮೇಲೆ ಉರಿಯುವುದು. ಕ್ಲ್ಯಾಪ್ ತಪ್ಪಬಾರದು, ಕ್ಯಾಮೆರಾದ ಮೈಕ್ ದೂರದಲ್ಲಿರುವುದರಿಂದ ವೇವ್‌ಫಾರ್ಮ್ ನೋಡಿ ಸಿಂಕ್ ಮಾಡುವುದು ಪ್ರತಿ ಸಲ ಕೈ ಹಿಡಿಯುವುದಿಲ್ಲ.

ಬೂದಿ ಮತ್ತು ಡೇಟಾ

ಹೊಟ್ಟಿನ ಬೂದಿ ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ಲೆನ್ಸ್ ಬದಲಾವಣೆ ಭಟ್ಟಿಯ ಹೊರಗೆ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ. ಬಾಯಿಂದ ಊದಬಾರದು, ಎಂಜಲ ತುಂತುರು ಬೂದಿಯನ್ನು ಗಾಜಿಗೆ ಅಂಟಿಸುತ್ತದೆ. ಕ್ಯಾಮೆರಾಕ್ಕೆ ಪಾಲಿಥಿನ್ ಕವರ್ ಹಾಕಿದರೆ ಬೂದಿ ತಪ್ಪುತ್ತದೆ, ಬದಲಿಗೆ ಕಾವು ಏರಿ 4ಕೆ ರೆಕಾರ್ಡಿಂಗ್ ತಾನಾಗಿ ನಿಲ್ಲುತ್ತದೆ. ಹಿಂಭಾಗ ತೆರೆದಿಟ್ಟು, ಪರದೆಯನ್ನು ಹೊರಕ್ಕೆ ತಿರುಗಿಸಿ, ಟೇಕ್ ನಡುವೆ ಬಾಗಿಲ ಬಳಿಗೆ ಒಯ್ಯುವುದೇ ದಾರಿ.

ಸೆಕೆಂಡಿಗೆ 140 ಮೆಗಾಬಿಟ್‌ನಲ್ಲಿ ಗಂಟೆಗೆ 63 ಜಿಬಿ. 128 ಜಿಬಿ ಕಾರ್ಡಿಗೆ ಎರಡು ಗಂಟೆ. ಚೆಕ್‌ಸಮ್ (ಕಾಪಿ ಮೂಲದಂತೆಯೇ ಇದೆಯೇ ಎಂದು ತೋರಿಸುವ ಅಂಕೆ) ಹೋಲಿಸುವ ಸಾಫ್ಟ್‌ವೇರಿನಿಂದ ಎರಡು ಡಿಸ್ಕಿಗೆ ಕಾಪಿ ಆಗಿ, ಎರಡೂ ಸರಿ ಎಂದ ಮೇಲೆ ಕ್ಯಾಮೆರಾದಲ್ಲೇ ಕಾರ್ಡ್ ಫಾರ್ಮ್ಯಾಟ್.

ಬಾಕಿ

ಹುಡುಗನ ಭಾಗಕ್ಕೆ ಕಾಗದಪತ್ರ ಮೊದಲು. 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮದ ಪ್ರಕಾರ ಮಕ್ಕಳನ್ನು ಚಿತ್ರೀಕರಣಕ್ಕೆ ಬಳಸಲು ಜಿಲ್ಲಾ ದಂಡಾಧಿಕಾರಿಗಳ, ಎಂದರೆ ಡಿಸಿಯವರ, ಅನುಮತಿ ಬೇಕು. ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ವಿದ್ಯಾರ್ಥಿ ಚಿತ್ರ ಎಂದು ಇದನ್ನು ಬಿಟ್ಟುಬಿಡುವವರು ಹೆಚ್ಚು, ಬಿಡಬಾರದು. ಉರಿಯುವ ಒಲೆಯೂ ಹುಡುಗನೂ ಒಂದೇ ಫ್ರೇಮಿನಲ್ಲಿ ಇರುವುದಿಲ್ಲ. ಅವನ ಕ್ಲೋಸ್‌ಗಳೆಲ್ಲ ಜೆಲ್ ಹಾಕಿದ ದೀಪದ ಮುಂದೆ.

ಕೊನೆಯ ಹೊರಾಂಗಣ ಚಿತ್ರದುರ್ಗದ ಕೋಟೆಯ ಮೇಲೆ ಎಂದು ಬರೆದಿತ್ತು. ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಚಿತ್ರೀಕರಣಕ್ಕೆ ಮುಂಗಡ ಅರ್ಜಿ, ಶುಲ್ಕ ಎಲ್ಲ ಇದೆ. ಎರಡು ಶಾಟ್‌ಗೆ ಅಷ್ಟು ಬೇಕಿಲ್ಲ ಎಂದು ಕುಂದುವಾಡ ಕೆರೆ ಏರಿಗೆ ಬದಲಾಗಿದೆ. ಅಲ್ಲಿ ಬೇಕಾಗುವುದು ಎನ್‌ಡಿ, ಅಂದರೆ ಬೆಳಕು ತಗ್ಗಿಸಲು ಲೆನ್ಸಿಗೆ ಹಾಕುವ ಕಪ್ಪು ಫಿಲ್ಟರ್. ನಡು ಬಿಸಿಲಲ್ಲಿ ಐಎಸ್‌ಒ 100, 1/50, ಎಫ್ 2.8 ಇಟ್ಟುಕೊಳ್ಳಲು 6 ಸ್ಟಾಪ್, ಅಂದರೆ 1.8 ಎನ್‌ಡಿ. ನಮ್ಮ ಕ್ಯಾಮೆರಾದ ಲಾಗ್ ಪ್ರೊಫೈಲಿನ (ನೆರಳು, ಬೆಳಕು ಎರಡರ ವಿವರವನ್ನೂ ಉಳಿಸುವ ರೆಕಾರ್ಡಿಂಗ್ ವಿಧಾನ) ಕನಿಷ್ಠ ಐಎಸ್‌ಒ 800 ಆದ್ದರಿಂದ ಇನ್ನೂ 3 ಸ್ಟಾಪ್ ಸೇರಿಸಬೇಕು. ವೇರಿಯಬಲ್ ಎನ್‌ಡಿಯನ್ನು ಕೊನೆಯವರೆಗೆ ತಿರುಗಿಸಿದರೆ ವೈಡ್ ಲೆನ್ಸಿನಲ್ಲಿ ಆಕಾಶದ ಮೇಲೆ ಅಡ್ಡ ಕತ್ತರಿ ಗುರುತು ಬರುತ್ತದೆ. 1.8 ಮತ್ತು 0.9ರ ಎರಡು ಸ್ಥಿರ ಫಿಲ್ಟರ್ ಬಾಡಿಗೆಗೆ ಹೇಳಿದೆ. 35 ಎಂಎಂ ಲೆನ್ಸಿಗೆ ಎರಡನ್ನೂ ಒಟ್ಟಿಗೆ ತಿರುಪಿದಾಗ ಮೂಲೆ ಕಪ್ಪಾಗುತ್ತದೆಯೇ ಎಂದು ಅಂಗಡಿಯಲ್ಲೇ ಹಾಕಿ ನೋಡಿ ತರಬೇಕು.