ತೂಕಡಿಸುವ ಲೋಡರ್: ಐದು ಭಾನುವಾರದ ಲೆಕ್ಕ

ಮೊದಲ ಭಾನುವಾರ

ತಿಪಟೂರು ಹತ್ತಿರದ ನಮ್ಮ ತೋಟಕ್ಕೆ ಕಳೆದ ಬೇಸಿಗೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಫ್ರಂಟ್ ಲೋಡರ್ (ಟ್ರ್ಯಾಕ್ಟರಿನ ಮುಂದೆ ಕೂರುವ, ಎಣ್ಣೆ ಒತ್ತಡದಲ್ಲಿ ಏಳುವ ತೋಳು ಮತ್ತು ಬಕೆಟ್) ತಂದು, ಅಪ್ಪನ 35 ಎಚ್‌ಪಿ ಟ್ರ್ಯಾಕ್ಟರಿಗೆ ನಾನೇ ಕೂರಿಸಿದ್ದೆ. ಬ್ರಾಕೆಟ್ಟು, ವೆಲ್ಡಿಂಗು, ಪೈಪು ಎಲ್ಲ ನನ್ನದೇ. ತಿಪ್ಪೆಯಿಂದ ಗೊಬ್ಬರ ಎತ್ತುವುದರಲ್ಲಿ ಅದಕ್ಕೇನೂ ಸೋಮಾರಿತನವಿಲ್ಲ. ಎತ್ತಿದ ಮೇಲೆ ನಿಲ್ಲುವುದಿಲ್ಲ, ಅಷ್ಟೆ. ಲಿವರ್ ಬಿಟ್ಟು ಅತ್ತ ತಿರುಗಿದರೆ ಬಕೆಟ್ ಮೆಲ್ಲಗೆ ಕೆಳಗಿಳಿಯುತ್ತದೆ. "ನಮ್ಮ ಹಳೇ ಕೆಂದೆತ್ತು ಇದ್ದಂಗೆ ಕಣೋ, ನಿಂತಲ್ಲೇ ತೂಕಡಿಸ್ತದೆ" ಅಂದರು ಅಪ್ಪ.

ಊಹೆ ಬೇಡ, ಅಳತೆ ಇರಲಿ ಎಂದು ತೋಳು ಎತ್ತುವ ಸಿಲಿಂಡರಿನ ರಾಡಿನ ಮೇಲೆ ಇನ್ಸುಲೇಶನ್ ಟೇಪ್ ಸುತ್ತಿ ಗುರುತು ಮಾಡಿದೆ. ಗೊಬ್ಬರ ತುಂಬಿದ ಬಕೆಟ್, ಇಂಜಿನ್ ಬಂದ್, ಹತ್ತು ನಿಮಿಷ. ಬೆಳಿಗ್ಗೆ ಎಣ್ಣೆ ತಣ್ಣಗಿದ್ದಾಗ 4 ಮಿ.ಮೀ. ಒಂದು ಗಂಟೆ ಕೆಲಸ ಮಾಡಿಸಿ, ಟ್ಯಾಂಕು 60 ಡಿಗ್ರಿ ಮುಟ್ಟಿದ ಮೇಲೆ 40 ಮಿ.ಮೀ. ಬಕೆಟ್ಟಿನ ತುದಿಯಲ್ಲಿ ನೋಡಿದರೆ ಅದು ಹತ್ತತ್ರ ಒಂದು ಗೇಣು. 63 ಮಿ.ಮೀ. ಬೋರಿನ (ಒಳವ್ಯಾಸದ) ಎರಡು ಸಿಲಿಂಡರ್ ಅಂದರೆ ಸುಮಾರು 250 ಮಿ.ಲೀ. ಎಣ್ಣೆ ಎಲ್ಲೋ ನುಸುಳಿ ಹೋಗಿದೆ. ಒಂದು ಕ್ವಾರ್ಟರಿಗಿಂತ ಜಾಸ್ತಿ! ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ.

ಎರಡನೆಯ ಭಾನುವಾರ

ಮೆಕ್ಯಾನಿಕ್ ಬಂದು ನಿಂತಲ್ಲೇ ತೀರ್ಪು ಕೊಟ್ಟರು: "ಸಿಲಿಂಡರ್ ಸೀಲ್ ಹೋಗಿದೆ ಸಾರ್, ಇನ್ನೇನಿರುತ್ತೆ." ಸೀಲ್ ಅಂದರೆ ಸಿಲಿಂಡರಿನೊಳಗೆ ಎಣ್ಣೆ ಆಚೆ ಕಡೆಗೆ ನುಸುಳದಂತೆ ತಡೆಯುವ ಉಂಗುರ. ನನಗೂ ಹಾಗೇ ಅನ್ನಿಸಿತ್ತು. ವಾರದ ನಡುವೆ ಪೀಣ್ಯದಲ್ಲಿ ಎರಡು ಸೀಲ್ ಕಿಟ್ ತಂದೆ. ಎರಡೂ ಸಿಲಿಂಡರ್ ಬಿಚ್ಚಿ, ಸೀಲ್ ಹಾಕಿ, ಮತ್ತೆ ಕೂರಿಸುವಷ್ಟರಲ್ಲಿ ಕತ್ತಲಾಯಿತು. ತೆಗೆದ ಸೀಲುಗಳು ಹೊಸದರ ಹಾಗೇ ಇದ್ದವು. ಬಿಸಿ ಎಣ್ಣೆಯಲ್ಲಿ ಅಳತೆ: 39 ಮಿ.ಮೀ. ಒಂದಿಡೀ ಭಾನುವಾರ ಕೊಟ್ಟು ಒಂದು ಮಿಲಿಮೀಟರ್ ಸಂಪಾದನೆ.

ಮೂರನೆಯ ಭಾನುವಾರ

ಮೊದಲೇ ಮಾಡಬೇಕಿದ್ದ ಬಾಟಲಿ ಪರೀಕ್ಷೆ ಇವತ್ತು ಮಾಡಿದೆ. ಲೋಡರ್ ತೋಳಿನ ಕೆಳಗೆ ಕಬ್ಬಿಣದ ಆಸರೆ ಕೊಟ್ಟು, ಇಂಜಿನ್ ನಿಲ್ಲಿಸಿ, ಲಿವರನ್ನು ಹಿಂದೆ ಮುಂದೆ ಆಡಿಸಿ ಒತ್ತಡ ಇಳಿಸಿ, ಆಮೇಲೇ ಪೈಪಿಗೆ ಪಾನ (ಸ್ಪ್ಯಾನರ್) ಹಾಕಿದ್ದು. ಇದರಲ್ಲಿ ಅವಸರ ಬೇಡ. ಸೂಜಿ ತೂತಿನಷ್ಟು ಸೋರಿಕೆಯಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಬೇಕು, ಕೈಯನ್ನಲ್ಲ.

ಭಾರ ಹೊರುವ, ಸಿಲಿಂಡರ್ ತಳದ ಕಡೆಯ ಪೈಪನ್ನು ವಾಲ್ವಿನಿಂದ (ಲಿವರ್ ಇರುವ, ಎಣ್ಣೆಯ ದಾರಿ ಬದಲಿಸುವ ಭಾಗ) ಬಿಡಿಸಿ ಪ್ಲಗ್ ಹಾಕಿ ಮುಚ್ಚಿದೆ. ರಾಡ್ ಕಡೆಯ ಪೈಪಿನ ತುದಿಯನ್ನು ಖಾಲಿ ನೀರಿನ ಬಾಟಲಿಗೆ ಇಳಿಬಿಟ್ಟೆ. ಸೀಲ್ ಸೋರುತ್ತಿದ್ದರೆ ಎಣ್ಣೆ ಬಾಟಲಿಗೆ ಬರಲೇಬೇಕು. ಎರಡೂ ಪೈಪು ಮುಚ್ಚಿ ನೋಡುವವರಿದ್ದಾರೆ, ಅಲ್ಲೇ ಮೋಸ ಹೋಗುವುದು. ಎರಡೂ ಮುಚ್ಚಿದರೆ ಸೀಲ್ ಹರಿದ ಸಿಲಿಂಡರ್ ಕೂಡ ಹೆಚ್ಚುಕಡಿಮೆ ನಿಂತುಬಿಡುತ್ತದೆ. ರಾಡ್ ಒಳಗೆ ಬರಬೇಕಾದರೆ ಅದರ ಗಾತ್ರದಷ್ಟು ಎಣ್ಣೆ ಹೊರಗೆ ಹೋಗಬೇಕಲ್ಲ, ಅದಕ್ಕೆ ದಾರಿಯೇ ಇರುವುದಿಲ್ಲ.

ಆಸರೆ ತೆಗೆದು ದೂರ ನಿಂತು ಇಪ್ಪತ್ತು ನಿಮಿಷ ಕಾದೆ. ಟೇಪ್ ಅಲ್ಲಾಡಲಿಲ್ಲ, ಬಾಟಲಿ ಒಣ. ಸಿಲಿಂಡರುಗಳು ನಿರಪರಾಧಿಗಳು. ಕಳ್ಳ ವಾಲ್ವಿನೊಳಗೇ ಇದ್ದಾನೆ.

ನಾಲ್ಕನೆಯ ಭಾನುವಾರ

ವಾಲ್ವಿನಲ್ಲಿ ಇನ್ನೊಂದು ಚಾಳಿಯೂ ಇತ್ತು. ಎತ್ತಲು ಲಿವರ್ ಎಳೆದರೆ ಬಕೆಟ್ ಮೊದಲು ಒಂದು ಚೂರು ಕುಸಿದು ಆಮೇಲೆ ಏಳುತ್ತಿತ್ತು. ಇದು ಲೋಡ್ ಚೆಕ್ (ಎಣ್ಣೆ ಪಂಪಿನ ಕಡೆ ವಾಪಸ್ ಹೋಗದಂತೆ ತಡೆಯುವ ಪುಟ್ಟ ಬಾಗಿಲು) ಕೈಕೊಟ್ಟಾಗ ಆಗುವ ಲಕ್ಷಣ. ಅದರ ಮುಚ್ಚಳ ಬಿಚ್ಚಿ ಪುಟ್ಟ ಪಾಪೆಟ್ (ಆ ಬಾಗಿಲಿನ ಬಿರಡೆ) ಹೊರತೆಗೆದರೆ ಸೀಟಿನ ಅಂಚಿಗೆ ಬಿಳಿ ದಾರದಂಥದ್ದು ಅಂಟಿಕೊಂಡಿತ್ತು. ಟೆಫ್ಲಾನ್ ಟೇಪ್! ಫಿಟ್ಟಿಂಗಿಗೆ ಸುತ್ತಿದವನು ನಾನೇ, ನಲ್ಲಿ ರಿಪೇರಿಯ ಅಭ್ಯಾಸದಲ್ಲಿ. ಒರೆಸಿ ಹಾಕಿದ ಮೇಲೆ ಆ ಕುಸಿತ ಹೋಯಿತು.

ತೂಕಡಿಕೆ ಹೋಗಲಿಲ್ಲ. ಹೋಗುವುದೂ ಇಲ್ಲ ಎಂಬುದು ನನಗೆ ಆಮೇಲೆ ಹೊಳೆದದ್ದು. ಲೋಡ್ ಚೆಕ್ ಇರುವುದು ಪಂಪಿನ ದಾರಿಗೂ ಲಿವರ್ ಜೊತೆ ಜಾರುವ ಸ್ಪೂಲಿಗೂ ಮಧ್ಯೆ. ಲಿವರ್ ನ್ಯೂಟ್ರಲ್‌ನಲ್ಲಿದ್ದಾಗ ಭಾರ ಹಿಡಿಯುವುದು ಸ್ಪೂಲ್ ಒಂದೇ. ಹೆಬ್ಬೆರಳು ದಪ್ಪದ ಉಕ್ಕಿನ ಕಡ್ಡಿ, ಅದರ ಸುತ್ತ ಕೆಲವೇ ಮೈಕ್ರಾನ್ ಸಂದು. ತಲೆಕೂದಲಿಗಿಂತ ಎಷ್ಟೋ ಸಣ್ಣದು. ಆ ಸಂದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು.

ಹಾಗಾದರೆ ಸ್ಪೂಲ್ ಸವೆದಿದೆಯೇ? ವಾಲ್ವಿನಲ್ಲಿ ಒಂದೇ ನಮೂನೆಯ ಎರಡು ಸ್ಪೂಲ್, ಒಂದು ಎತ್ತಲು, ಇನ್ನೊಂದು ಬಕೆಟ್ ಮಗುಚಲು. ಪೈಪುಗಳನ್ನು ಅದಲು ಬದಲು ಮಾಡಿ, ಬಿಸಿ ಮಾಡಿ ಅಳೆದೆ: 37 ಮಿ.ಮೀ. ಎರಡೂ ಸ್ಪೂಲ್ ಲೆಕ್ಕ ಹಾಕಿ ಒಂದೇ ಸಮ ಸವೆಯುತ್ತವೆಯೇ?

(ಲಿವರ್ ಬದಲಾದದ್ದು ಹೇಳಲು ಮರೆತಿದ್ದೆ. ಅಪ್ಪ ಇಳಿಸಲು ಹೋಗಿ ಒಂದು ಬಕೆಟ್ ಗೊಬ್ಬರವನ್ನು ಬಾವಿಕಟ್ಟೆ ಮೇಲೆ ಸುರಿದರು. ಆ ದಿನ ಊಟ ಮೌನವಾಗಿ ಮುಗಿಯಿತು.)

ಐದನೆಯ ಭಾನುವಾರ

ವಾರವೆಲ್ಲ ತಲೆಯಲ್ಲಿ ಒಂದೇ ಲೆಕ್ಕ. 68ರ ಗ್ರೇಡಿನ (ಅದು ದಪ್ಪದ ನಂಬರ್) ಎಣ್ಣೆ 30ರಿಂದ 60 ಡಿಗ್ರಿಗೆ ಹೋದರೆ ಸುಮಾರು ನಾಲ್ಕು ಪಟ್ಟು ತೆಳ್ಳಗಾಗುತ್ತದೆ. ಸೋರಿಕೆಯೂ ನಾಲ್ಕು ಪಟ್ಟಾಗಬೇಕು. ನನ್ನದು ಹತ್ತು ಪಟ್ಟು. ಬಿಸಿಯಾದಾಗ ಬೇರೆ ಏನೋ ಆಗುತ್ತಿದೆ, ಅದೂ ಎರಡೂ ಸ್ಪೂಲಿಗೆ.

ಸ್ಪೂಲಿನ ಬಾಲ ವಾಲ್ವಿನಿಂದ ಹೊರಗೆ ಎಷ್ಟು ಚಾಚಿದೆ ಎಂದು ವರ್ನಿಯರ್ ಹಿಡಿದೆ. ತಣ್ಣಗಿದ್ದಾಗ ನ್ಯೂಟ್ರಲ್‌ನಲ್ಲಿ 22.4 ಮಿ.ಮೀ. ಬಿಸಿಯಾಗಿ, ಲಿವರ್ ಎಳೆದು ಬಿಟ್ಟ ಮೇಲೆ 23.6. ಸ್ಪ್ರಿಂಗ್ ಅದನ್ನು ನಡುವಿಗೆ ಪೂರ್ತಿ ತಳ್ಳುತ್ತಿಲ್ಲ, 1.2 ಮಿ.ಮೀ. ಹಿಂದೆಯೇ ಸಿಕ್ಕಿಕೊಳ್ಳುತ್ತಿದೆ. ಮುಚ್ಚಿರಬೇಕಾದ ಬಾಗಿಲು ಓರೆಯಾಗಿದೆ.

ಆಸರೆ ಕೊಟ್ಟು, ವಾಲ್ವನ್ನು ಬ್ರಾಕೆಟ್ಟಿಗೆ ಹಿಡಿದ ಮೂರು ಬೋಲ್ಟುಗಳಲ್ಲಿ ಒಂದನ್ನು ಅರ್ಧ ಸುತ್ತು ಸಡಿಲಿಸಿದೆ. "ಟಕ್." ಸ್ಪೂಲ್ ತಾನಾಗಿ ಹಾರಿ ನಡುವೆ ಕೂತಿತು.

ನನ್ನ ಬ್ರಾಕೆಟ್! ವೆಲ್ಡಿಂಗ್ ಬಿಸಿಗೆ 10 ಮಿ.ಮೀ. ಪ್ಲೇಟ್ ಸೊಟ್ಟಗಾಗಿತ್ತು. ಮೂರನೆಯ ಕಾಲಿನ ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತಗಡು) 0.4 ಮಿ.ಮೀ. ತೋರಿಸಿತು. ಆ ಸಂದನ್ನು ನಾನು ಉದ್ದನೆಯ ಪಾನದಲ್ಲಿ ಬಿಗಿದು ಮುಚ್ಚಿದ್ದೆ, ವಾಲ್ವಿನ ಎರಕದ ಮೈಯನ್ನೇ ತಿರುಚಿ. ಅಷ್ಟು ಕಿರಿದಾದ ಸಂದಿರುವ ಬೋರು ಕೂದಲೆಳೆಯಷ್ಟು ಬಾಗಿದರೂ ಸ್ಪೂಲ್ ಕಚ್ಚುತ್ತದೆ. ಮಾರಿದವನನ್ನು ಒಂದು ತಿಂಗಳು ಬೈದದ್ದು ದಂಡ.

ತಂಪುಪಾನೀಯದ ಡಬ್ಬಿ ಕತ್ತರಿಸಿ ನಾಲ್ಕು ಪದರ ಶಿಮ್ (ಸಂದು ತುಂಬುವ ತೆಳು ತಗಡು) ಮಾಡಿ ತುಂಬಿದೆ, ಬೋಲ್ಟುಗಳನ್ನು ಒಂದಾದ ಮೇಲೊಂದು ಸಮನಾಗಿ ಬಿಗಿದೆ. ಬಿಸಿ ಎಣ್ಣೆ, ಹತ್ತು ನಿಮಿಷ: 15 ಮಿ.ಮೀ. ಸ್ಪೂಲ್ ವಾಲ್ವ್ ಅಂದಮೇಲೆ ಇಷ್ಟು ಇದ್ದದ್ದೇ. ಸೊನ್ನೆಯೇ ಬೇಕೆಂದರೆ ಸಿಲಿಂಡರಿಗೆ ಬೇರೆ ಪೈಲಟ್ ಚೆಕ್ ವಾಲ್ವ್ (ಲಿವರ್ ಆಡಿಸುವ ತನಕ ಎಣ್ಣೆಯನ್ನು ಕಟ್ಟಿಹಾಕುವಂಥದ್ದು) ಹಾಕಬೇಕು. ಗೊಬ್ಬರಕ್ಕೆ ಅಷ್ಟು ಬೇಡ.

ಬಾಕಿ ಕೆಲಸ: ಬ್ರಾಕೆಟ್ ಬಿಚ್ಚಿ ವರ್ಕ್‌ಶಾಪಿನಲ್ಲಿ ಮಿಲ್ಲಿಂಗ್ ಹೊಡೆಸುವುದು, ಟೆಫ್ಲಾನ್ ಸುತ್ತಿದ ಉಳಿದ ಫಿಟ್ಟಿಂಗುಗಳನ್ನೂ ತೊಳೆದು ಹಾಕುವುದು. ಪೈಪುಗಳನ್ನು ಮೊದಲಿನ ಜಾಗಕ್ಕೆ ತರಲು ಹೋದರೆ ಅಪ್ಪ ಬಿಡಲಿಲ್ಲ. "ಈಗ ಇದೇ ಕೈಗೆ ಕೂತಿದೆ, ಮುಟ್ಟಬೇಡ."