ಶ್ರೀರಂಗಪಟ್ಟಣದ ತೊಲೆ, ಊಟಿಯ ಚರ್ಚು

ತಾಳವಾಡಿಯಿಂದ ಚಾಮರಾಜನಗರ, ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹಿಡಿದೆವು. ಮಸಿನಗುಡಿ ಆದಮೇಲೆ ಕಲ್ಲಟ್ಟಿ ಘಾಟಿ, 36 ತಿರುವು. ಅಕ್ಕನಿಗೆ ಬೊಟಾನಿಕಲ್ ಗಾರ್ಡನ್ ನೋಡುವ ಆಸೆ. ನಾನು ಮಾತ್ರ ಮೊದಲು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋಗೋಣ ಎಂದು ಹಟ ಹಿಡಿದೆ. ಅಲ್ಲಿ ನಮ್ಮ ಕಡೆಯ ಮರ ಇದೆಯಲ್ಲ!

ಮದರಾಸಿನ ಗವರ್ನರ್ ಲಷಿಂಗ್ಟನ್ ಕಾಲದಲ್ಲಿ, 1829ರ ಏಪ್ರಿಲ್‌ನಲ್ಲಿ ಇದಕ್ಕೆ ಅಡಿಗಲ್ಲು ಬಿತ್ತು. ನಕ್ಷೆ ಕ್ಯಾಪ್ಟನ್ ಅಂಡರ್‌ವುಡ್ ಅವರದು. 1831ರ ಈಸ್ಟರ್ ದಿನ ಬಾಗಿಲು ತೆರೆಯಿತು. ಕಟ್ಟಲು ದೊಡ್ಡ ಮರ ಬೇಕಿತ್ತು. ಅದು ಬಂದದ್ದು ಶ್ರೀರಂಗಪಟ್ಟಣದಿಂದ, ಟಿಪ್ಪುವಿನ ಲಾಲ್ ಮಹಲ್ ಅರಮನೆಯಿಂದ. ಟಿಪ್ಪು ಮಡಿದು ಆಗ 30 ವರ್ಷ ಕಳೆದಿತ್ತು. ತೊಲೆಗಳನ್ನು ಆನೆಗಳಿಂದ ಎಳೆಸಿ ಬೆಟ್ಟ ಹತ್ತಿಸಿದರಂತೆ. ಕಾರಿನಲ್ಲಿ ಹತ್ತುವಾಗಲೇ ನಮಗೆ ತಲೆ ಸುತ್ತಿತ್ತು. ಆ ಮಾವುತರು, ಕೂಲಿಗಳ ಪಾಡು ಹೇಗಿತ್ತೋ! ಅವರ ಹೆಸರನ್ನು ಯಾವ ಕಲ್ಲಿನಲ್ಲೂ ಕೆತ್ತಿಲ್ಲ.

ಹೊರಗೆ ತಿಳಿಹಳದಿ ಗೋಡೆ. ಒಳಗೆ ಬಣ್ಣದ ಗಾಜು, ಗೋಡೆಯ ಮೇಲೆ ಯೇಸುವಿನ ಕೊನೆಯ ಊಟದ ಚಿತ್ರ. ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಾರೆ. ನಾನು ಕತ್ತು ನೋಯುವವರೆಗೂ ಚಾವಣಿಯನ್ನೇ ನೋಡಿದೆ. ಅರಮನೆಯಲ್ಲಿ ಯಾವ ಕೋಣೆಯ ಮೇಲಿದ್ದ ಮರವೋ ಏನೋ.

ಹಿಂದಿನ ಇಳಿಜಾರಿನಲ್ಲಿ ಸಮಾಧಿಗಳು. ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತದೆ. ಅಕ್ಕ ಒಂದು ಕಲ್ಲಿನ ಮೇಲಿನ ಒಣ ಎಲೆಗಳನ್ನು ಕೈಯಿಂದ ಸರಿಸಿದಳು. ಅಕ್ಷರ ಸವೆದು ಹೆಸರು ಅರ್ಧ ಮಾತ್ರ ಉಳಿದಿತ್ತು. ಪುಟ್ಟ ಪುಟ್ಟ ಗೋರಿಗಳೂ ಇವೆ, ಮಕ್ಕಳದು. ಊಟಿಯನ್ನು ಊರು ಮಾಡಿದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಅವರ ಹೆಂಡತಿ ಹೆನ್ರಿಯೆಟಾ, ಮಗಳು ಹ್ಯಾರಿಯೆಟ್ ಇಲ್ಲೇ ಮಣ್ಣಾದರು. ಕೆರೆ ಕಟ್ಟಿಸಿ, ತರಕಾರಿ ಬೆಳೆಸಿದ ಆ ಮನುಷ್ಯ 1841ರಲ್ಲಿ ಇವರಿಬ್ಬರನ್ನೂ ಇಲ್ಲೇ ಬಿಟ್ಟು ಇಂಗ್ಲೆಂಡಿಗೆ ಮರಳಿದರು. ಸಲಿವನ್ ಸಮಾಧಿ ಇಂಗ್ಲೆಂಡಿನಲ್ಲೇ ಇದೆ. ಅದನ್ನು ಹೇಳಿದಾಗ ಅಕ್ಕ ತುಂಬಾ ಹೊತ್ತು ಮಾತಾಡಲಿಲ್ಲ.

ಗೇಟಿನ ಹತ್ತಿರ, ಊಟಿ ಪಕ್ಕದ ಕೇತ್ತಿ ಕಡೆಯ ಹಿರಿಯರೊಬ್ಬರು ಸಿಕ್ಕರು, ನೀಲಗಿರಿಯ ಬಡಗ ಸಮುದಾಯದವರು. ಅವರು ಬಡಗ ನುಡಿಯಲ್ಲಿ, ನಾವು ಕನ್ನಡದಲ್ಲಿ. ಮಾತು ಸಲೀಸಾಗಿ ಸಾಗಿತು. "ಕೇತ್ತಿಗೂ ಹೋಗಿ" ಅಂದರು.

ಹೌದು, ಕೇತ್ತಿ ಬಿಟ್ಟರೆ ಈ ಕಥೆ ಪೂರ್ತಿ ಆಗಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1846ರಲ್ಲಿ ಅಲ್ಲಿ ನೆಲೆಯೂರಿತು. ಬಡಗರ ನಡುವೆ ಕೆಲಸ ಮಾಡಲು ಬಂದ ಪಾದ್ರಿಗಳಿಗೆ ಕನ್ನಡವೇ ದಾರಿಯಾಯಿತು. ಅವರಿಗೆ ಆಸರೆಯಾದವರು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಅದೇ ಮಿಷನ್ನಿನ ಜರ್ಮನ್ ಪಾದ್ರಿ ಮೊಗ್ಲಿಂಗ್ ಮಂಗಳೂರಿನಲ್ಲಿ ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದ್ದಕ್ಕೂ ದುಡ್ಡು ಕೊಟ್ಟವರು ಇವರೇ. 1849ರಲ್ಲಿ ತೀರಿಕೊಂಡಾಗ ಆಸ್ತಿಯನ್ನೂ ಮಿಷನ್ನಿಗೇ ಬಿಟ್ಟರು. ನಡುಗನ್ನಡದ ತಾಳೆಗರಿ ಪುಸ್ತಕವಾಗಿದ್ದರಲ್ಲಿ ನೀಲಗಿರಿಯ ಪಾಲೂ ಇದೆ. ನಮ್ಮವರಿಗೆ ಇದು ಗೊತ್ತಾಗಬೇಕು.

ಊಟಿಯಿಂದ ಪುಟಾಣಿ ರೈಲು ಹತ್ತಿದರೆ ಲವ್‌ಡೇಲ್ ಆದಮೇಲೆ ಕೇತ್ತಿಯೇ. ಊಟಿಯ ಚರ್ಚಿಗೆ ಹೋಗುವವರು ಭಾನುವಾರದ ಪ್ರಾರ್ಥನೆಯ ಹೊತ್ತು ಬಿಟ್ಟು ಹೋಗಿ. ಮಳೆ ಬಿದ್ದಿದ್ದರೆ ಹಿಂದಿನ ಇಳಿಜಾರಿನಲ್ಲಿ ಜೋಪಾನ.